ಗಲ್ಫ್ ಸೂಟ್‌ಕೇಸಿನಿಂದ ಆನ್‌ಲೈನ್ ಪಾರ್ಸೆಲ್ಲಿಗೆ: ಖರ್ಚು ಎಲ್ಲಿ ಏರುತ್ತದೆ, ಎಲ್ಲಿ ಇಳಿಸಬಹುದು?

ಈ ವರ್ಷದ ಕೇಂದ್ರ ಬಜೆಟ್ ಬಂದಾಗ ಆದಾಯ ತೆರಿಗೆ, ಚಿನ್ನ, ಮೊಬೈಲ್ ಅಂತ ಎಲ್ಲ ಕಡೆ ಮಾತು ಆಯಿತು. ನಮ್ಮ ಮನೆಗಳಿಗೆ ನೇರವಾಗಿ ತಾಗುವ ಒಂದು ಸಾಲು ಮಾತ್ರ ಯಾರ ಬಾಯಲ್ಲೂ ಅಷ್ಟಾಗಿ ಬರಲಿಲ್ಲ. ವಿದೇಶದಿಂದ ಸ್ವಂತ ಬಳಕೆಗೆ ತರಿಸಿಕೊಳ್ಳುವ ಸಾಮಾನಿನ ಮೇಲಿನ ಮೂಲ ಕಸ್ಟಮ್ಸ್ ಸುಂಕ ಶೇ.20ರಿಂದ ಶೇ.10ಕ್ಕೆ ಇಳಿದಿದೆ. 2026ರ ಏಪ್ರಿಲ್ 1ರಿಂದ ಇದು ಜಾರಿ. ಅದಕ್ಕೂ ಮುಂಚೆ, 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಇದೇ ಬಗೆಯ ಸಾಮಾನಿನ ಜಿಎಸ್‌ಟಿ ಶೇ.28ರಿಂದ ಶೇ.18ಕ್ಕೆ ಬಂದಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ದೊಡ್ಡ ಬದಲಾವಣೆಯೇ. ಆದರೂ ನಮ್ಮಲ್ಲಿ ಅನೇಕರು ಇನ್ನೂ ಹಳೆಯ ಲೆಕ್ಕದಲ್ಲೇ ಇದ್ದಾರೆ. "ಹೊರದೇಶದಿಂದ ತರಿಸಿದರೆ ಸಾಮಾನಿನಷ್ಟೇ ತೆರಿಗೆ ಕಟ್ಟಬೇಕು ಮಾರಾಯ್ರೆ" ಅನ್ನುವ ಮಾತು ಮದುವೆ ಮನೆಯಲ್ಲೂ ಕೇಳುತ್ತದೆ, ಅಂಗಡಿ ಕಟ್ಟೆಯಲ್ಲೂ ಕೇಳುತ್ತದೆ.

ಆ ಮಾತು ಸುಳ್ಳಾಗಿರಲಿಲ್ಲ. ಮೂಲ ಸುಂಕ ಶೇ.35 ಇದ್ದ ಕಾಲದಲ್ಲಿ ಅದರ ಮೇಲೆ ಸಾಮಾಜಿಕ ಕಲ್ಯಾಣ ಸರ್‌ಚಾರ್ಜ್, ಎರಡನ್ನೂ ಸೇರಿಸಿದ ಮೊತ್ತದ ಮೇಲೆ ಶೇ.28 ಜಿಎಸ್‌ಟಿ ಹಾಕಿದರೆ ಒಟ್ಟು ಶೇ.77.28 ಆಗುತ್ತಿತ್ತು. ನೂರು ರೂಪಾಯಿಯ ಸಾಮಾನು ಮನೆ ಬಾಗಿಲಿಗೆ ಬರುವಾಗ ನೂರ ಎಪ್ಪತ್ತೇಳು. ಕೊರಿಯರ್ ಬಾಡಿಗೆ ಬೇರೆ. ಈಗ ಅದೇ ಲೆಕ್ಕ ಶೇ.30ರ ಆಸುಪಾಸಿಗೆ ಬಂದಿದೆ. ಕಡಿಮೆ ಅಂತ ನಾವು ಹೇಳುವುದಿಲ್ಲ, ಆದರೆ ಕಳ್ಳದಾರಿ ಹುಡುಕುವಷ್ಟು ಹೆಚ್ಚೂ ಅಲ್ಲ. ಈ ಬರಹದಲ್ಲಿ ನಾವು ಮುಖ್ಯವಾಗಿ ಹೇಳಲಿಕ್ಕೆ ಹೊರಟದ್ದೂ ಅದೇ.

ಬ್ಯಾರಿ ಮನೆಗಳಿಗೆ ಅಂತರಾಷ್ಟ್ರೀಯ ಸಾಗಣೆ ಹೊಸತಲ್ಲ. ಆನ್‌ಲೈನ್ ಅನ್ನುವ ಶಬ್ದ ಹುಟ್ಟುವ ಮೊದಲೇ ನಮಗೆ ಒಂದು ಶಿಪ್ಪಿಂಗ್ ಕಂಪನಿ ಇತ್ತು. ಅದರ ಹೆಸರು "ಊರಿಗೆ ಬರುವವರು". ದುಬೈಯಿಂದಲೋ ದಮ್ಮಾಮಿನಿಂದಲೋ ಯಾರು ಬರುತ್ತಾರೆ ಅಂತ ಕೇಳಿಕೊಂಡು, ಅವರ ಸೂಟ್‌ಕೇಸಿನಲ್ಲಿ ಎರಡು ಕಿಲೋ ಜಾಗ ಕೇಳಿ, ಸೆಂಟು, ಅಬಾಯ, ಮಕ್ಕಳ ಶೂಸು, ಉಮ್ಮನಿಗೆ ನೋವಿನ ಎಣ್ಣೆ ಎಲ್ಲ ತರಿಸುತ್ತಿದ್ದೆವು. ಮಂಗಳೂರಿನಿಂದ ಗಲ್ಫಿಗೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಅದಕ್ಕೂ ಮುಂಚೆ ಮುಂಬೈಯಲ್ಲಿ ಇಳಿದು, ರಾತ್ರಿ ಬಸ್ಸಿನಲ್ಲಿ ಆ ಪೆಟ್ಟಿಗೆಗಳು ಊರಿಗೆ ಬರುತ್ತಿದ್ದವು. ಹಗ್ಗ ಕಟ್ಟಿ, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದ ಪೆಟ್ಟಿಗೆಗಳು. ಜಾಗ ಸಾಲದವರಿಗೆ ಡೋರ್ ಟು ಡೋರ್ ಕಾರ್ಗೋ ಇತ್ತು: ಅಲ್ಲಿ ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಇಲ್ಲಿ ಮನೆ ಬಾಗಿಲಿಗೆ ಪೆಟ್ಟಿಗೆ.

ಆ ಕಾರ್ಗೋ ನಿಂತಿದ್ದದ್ದು "ಗಿಫ್ಟ್" ಎಂಬ ಒಂದು ಶಬ್ದದ ಮೇಲೆ. ಗಿಫ್ಟ್ ಎಂದು ಬರುವ ಸಾಮಾನಿಗೆ ಒಂದು ಮಿತಿಯವರೆಗೆ ಸುಂಕ ಇರಲಿಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅದಕ್ಕೆ ಮೊದಲ ಪೆಟ್ಟು ಬಿತ್ತು, ಮಿತಿ 5,000 ರೂಪಾಯಿಗೆ ನಿಂತಿತು. ಎರಡನೆಯ ಪೆಟ್ಟು ನಾವು ಮಾಡಿದ್ದಕ್ಕೆ ಬಿದ್ದದ್ದಲ್ಲ. ಚೀನಾದ ಆನ್‌ಲೈನ್ ಮಾರಾಟಗಾರರು ಲಕ್ಷಗಟ್ಟಲೆ ಪೊಟ್ಟಣಗಳಿಗೆ ಗಿಫ್ಟ್ ಚೀಟಿ ಅಂಟಿಸಿ ಸುಂಕವಿಲ್ಲದೆ ಭಾರತಕ್ಕೆ ಕಳಿಸುತ್ತಿದ್ದರು. ಇಲ್ಲಿಯ ವ್ಯಾಪಾರಿಗಳು ದೂರಿದರು. 2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಆದೇಶ ಹೊರಡಿಸಿತು: ಅಂಚೆ ಅಥವಾ ಕೊರಿಯರ್ ಮೂಲಕ ಗಿಫ್ಟ್ ಎಂದು ಸುಂಕ ವಿನಾಯಿತಿಯಲ್ಲಿ ಬಿಡಿಸಿಕೊಳ್ಳುವುದು ಇನ್ನು ಇಲ್ಲ. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಪೂರ್ತಿ ಸುಂಕ ಕಟ್ಟಿ ಗಿಫ್ಟ್ ತರಿಸಬಹುದು, ಅದಕ್ಕೆ ಅಡ್ಡಿಯಿಲ್ಲ.

ಆರು ವರ್ಷ ದಾಟಿದರೂ ನಮ್ಮ ಹುಡುಗರು ಅಲ್ಲಿಂದ ಪಾರ್ಸೆಲ್ ಕಳಿಸುವಾಗ ಈಗಲೂ ಮೇಲೆ "ಗಿಫ್ಟ್, ನೋ ಕಮರ್ಷಿಯಲ್ ವ್ಯಾಲ್ಯೂ" ಅಂತ ಬರೆಯುತ್ತಾರೆ. ಅದರಿಂದ ಒಂದು ಪೈಸೆ ಉಳಿಯುವುದಿಲ್ಲ. ಬದಲಿಗೆ ಪಾರ್ಸೆಲ್ ತಡೆದು ನಿಲ್ಲಿಸಿ ಬಿಲ್ ಕೇಳುತ್ತಾರೆ, ದಿನ ಹೋಗುತ್ತದೆ.

ಈಗ ಇದನ್ನು ಕರಾವಳಿಯಿಂದಲ್ಲ, ತೊಂಡೇಬಾವಿಯಿಂದ ನೋಡೋಣ. ಯಾಕೆ ತೊಂಡೇಬಾವಿ ಅಂತ ಕೇಳಬಹುದು. ನಮ್ಮವರು ಬೇಕರಿ, ಹೋಟೆಲ್, ಅಂಗಡಿ ಅಂತ ಘಟ್ಟ ಹತ್ತಿ ಎಲ್ಲೆಲ್ಲೋ ನೆಲೆಸಿದ್ದಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲೂಕಿನ ಈ ಊರಿನಲ್ಲಿ ರೈಲು ನಿಲ್ದಾಣ ಉಂಟು, ಸಿಮೆಂಟ್ ಕಾರ್ಖಾನೆ ಉಂಟು. ಇಂಥ ಊರಿನಲ್ಲಿ ಒಂದೋ ಎರಡೋ ಬ್ಯಾರಿ ಮನೆ ಇದ್ದರೆ, ಅವರಿಗೆ ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಇರುವ ಅನುಕೂಲ ಇಲ್ಲ. ವಾರಕ್ಕೊಬ್ಬ ಗಲ್ಫಿನಿಂದ ಬರುವ ನೆರೆಯವನಿಲ್ಲ. ಊರಿಗೆ ಬಂದ ಸೂಟ್‌ಕೇಸಿನಿಂದ ಸಾಮಾನು ಇಲ್ಲಿಗೆ ಸೇರಬೇಕಾದರೆ ಮತ್ತೆ ಒಂದು ರಾತ್ರಿ ಬಸ್ಸು, ಮತ್ತೊಂದು ಕೊರಿಯರ್. ಆದರೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಪಕ್ಕದ ಜಿಲ್ಲೆಯಲ್ಲೇ ಇದೆ. ವಿದೇಶದ ಕೊರಿಯರ್ ಪಾರ್ಸೆಲ್‌ಗಳ ಕಸ್ಟಮ್ಸ್ ತಪಾಸಣೆ ನಡೆಯುವುದು ಅಲ್ಲಿಯೇ. ಚಿಕ್ಕಬಳ್ಳಾಪುರ ಕಡೆಯ ಗುಲಾಬಿ, ದ್ರಾಕ್ಷಿ ಹೊರದೇಶಕ್ಕೆ ಹಾರುವುದೂ ಅಲ್ಲಿಂದಲೇ. ಅಂದರೆ ಬ್ಯಾಗಿನ ದಾರಿಯಲ್ಲಿ ದೂರವಿರುವ ತೊಂಡೇಬಾವಿ, ಪಾರ್ಸೆಲ್ ದಾರಿಯಲ್ಲಿ ಮಂಗಳೂರಿಗಿಂತ ಹತ್ತಿರ. ಇಂಥ ಮನೆಗಳಿಗೆ ಸೂಟ್‌ಕೇಸ್ ಕಾಯುವುದಕ್ಕಿಂತ ಪಾರ್ಸೆಲ್ ಲೆಕ್ಕ ಕಲಿಯುವುದೇ ಉಪಯೋಗ.

ಲೆಕ್ಕ ಹೀಗೆ. ಮಗಳಿಗೆ ದುಬೈಯ ಒಂದು ಆನ್‌ಲೈನ್ ಅಂಗಡಿಯಿಂದ 4,000 ರೂಪಾಯಿಯ ಅಬಾಯ ತರಿಸುತ್ತೀರಿ ಅಂತಿಟ್ಟುಕೊಳ್ಳಿ. ಕೊರಿಯರ್ ಬಾಡಿಗೆ 2,000. ಸುಂಕ ಹಾಕುವುದು ಸಾಮಾನಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತಕ್ಕೆ. ಹಾಗಾದರೆ 6,000ಕ್ಕೆ ಸುಂಕವಾ? ಅಲ್ಲ. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಯಮ ಉಂಟು. 2007ರ ಕಸ್ಟಮ್ಸ್ ಮೌಲ್ಯ ನಿರ್ಣಯ ನಿಯಮಗಳ ಪ್ರಕಾರ, ವಿಮಾನದಲ್ಲಿ ಬರುವ ಸಾಮಾನಿಗೆ ಸಾಗಣೆ ಖರ್ಚು ಎಷ್ಟೇ ಆಗಿದ್ದರೂ ಸಾಮಾನಿನ ಬೆಲೆಯ ಶೇ.20ಕ್ಕಿಂತ ಹೆಚ್ಚು ಲೆಕ್ಕಕ್ಕೆ ಸೇರಿಸುವಂತಿಲ್ಲ. 4,000ದ ಶೇ.20 ಅಂದರೆ 800. ವಿಮೆಯ ನಲವತ್ತು ಐವತ್ತು ರೂಪಾಯಿ ಸೇರಿದರೆ ಸುಂಕ ಬೀಳುವುದು ಸುಮಾರು 4,850ಕ್ಕೆ. ಈಗಿನ ದರದಲ್ಲಿ 1,450ರಿಂದ 1,500 ರೂಪಾಯಿ. ಹಳೆಯ ಶೇ.77.28ರಲ್ಲಿ ಇದೇ ಅಬಾಯಕ್ಕೆ 3,700ರ ಮೇಲೆ ಆಗುತ್ತಿತ್ತು. ಕೊರಿಯರ್‌ನವರು ಕಳಿಸುವ ಸುಂಕದ ವಿವರದಲ್ಲಿ ಸಾಗಣೆಗೆ ಎಷ್ಟು ಹಾಕಿದ್ದಾರೆ ಅಂತ ಒಮ್ಮೆ ನೋಡಿ. ಹೆಚ್ಚು ಇದ್ದರೆ ಕೇಳುವ ಹಕ್ಕು ನಿಮಗುಂಟು.

ಇದರ ಮೇಲೆ ಇನ್ನೊಂದು ಸಣ್ಣ ಕಡಿತ: ಸರಕಾರಕ್ಕೆ ಸುಂಕವನ್ನು ನಿಮ್ಮ ಪರವಾಗಿ ಕಟ್ಟಿದ್ದಕ್ಕೆ ಖಾಸಗಿ ಕೊರಿಯರ್ ಕಂಪನಿಗಳು ಕ್ಲಿಯರೆನ್ಸ್ ಶುಲ್ಕ ಅಂತ ನೂರಾರು ರೂಪಾಯಿ ತೆಗೆದುಕೊಳ್ಳುತ್ತವೆ. ಸಣ್ಣ ಸಾಮಾನಿಗೆ ಕೆಲವೊಮ್ಮೆ ಸುಂಕಕ್ಕಿಂತ ಈ ಶುಲ್ಕವೇ ಜಾಸ್ತಿ. ಬ್ಯಾಂಕಿನದ್ದು ಬೇರೆ ಕಥೆ. ಕಾರ್ಡ್‌ನಲ್ಲಿ ಹೊರದೇಶಕ್ಕೆ ಪಾವತಿ ಮಾಡಿದರೆ ಶೇ.2ರಿಂದ 3.5ರವರೆಗೆ ವಿನಿಮಯ ಶುಲ್ಕ ಹಾಕುವ ಬ್ಯಾಂಕುಗಳೇ ಹೆಚ್ಚು. "ರೂಪಾಯಿಯಲ್ಲೇ ಪಾವತಿಸಿ" ಅಂತ ವೆಬ್‌ಸೈಟ್ ಪ್ರೀತಿಯಿಂದ ಕೇಳಿದರೆ ಬೇಡ ಅನ್ನಿ. ದಿರ್ಹಮ್ ಅಥವಾ ಡಾಲರಿನಲ್ಲೇ ಕೊಡಿ, ಆ ರೂಪಾಯಿ ದರ ಸಾಮಾನ್ಯವಾಗಿ ಅವರಿಗೆ ಲಾಭದ್ದು.

ಆದರೆ ಖರ್ಚು ನಿಜವಾಗಿ ಏರುವುದು ಪೆಟ್ಟಿಗೆಯಲ್ಲಿ. ಅಬಾಯದ ತೂಕ ಮುಕ್ಕಾಲು ಕಿಲೋ ಇರಬಹುದು. ಅಂಗಡಿಯವ ಅದನ್ನು ಚೆಂದ ಕಾಣಲಿ ಅಂತ 40 ಸೆಂ.ಮೀ. ಉದ್ದ, 30 ಅಗಲ, 20 ಎತ್ತರದ ಪೆಟ್ಟಿಗೆಯಲ್ಲಿ ಹಾಕಿದ ಅಂದುಕೊಳ್ಳಿ. ಖಾಸಗಿ ಕೊರಿಯರ್‌ಗಳು ಈ ಮೂರನ್ನೂ ಗುಣಿಸಿ 5,000ದಿಂದ ಭಾಗಿಸುತ್ತವೆ. 24,000 ಭಾಗ 5,000, ಅಂದರೆ 4.8 ಕಿಲೋ. ತಕ್ಕಡಿಯ ತೂಕ, ಈ ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಮುಕ್ಕಾಲು ಕಿಲೋ ಬಟ್ಟೆಗೆ ಸುಮಾರು ಐದು ಕಿಲೋದ ಬಾಡಿಗೆ ಕೊಟ್ಟ ಹಾಗೆ ಆಯಿತು. ಗಾಳಿ ಸಾಗಿಸಲಿಕ್ಕೆ ನಾವು ಹಣ ಕೊಡುವುದು! "ಪೆಟ್ಟಿಗೆ ಬೇಡ, ಮಡಚಿ ಪಾಲಿಥಿನ್ ಕವರಿನಲ್ಲಿ ಹಾಕಿ" ಅಂತ ಆರ್ಡರಿನ ಜೊತೆ ಒಂದು ಸಾಲು ಬರೆದರೆ ಬಾಡಿಗೆ ಅರ್ಧಕ್ಕಿಂತ ಕೆಳಗೆ ಬರುವುದುಂಟು.

ಎರಡನೆಯ ಉಪಾಯ ಒಟ್ಟುಗೂಡಿಸುವುದು. ಕೊರಿಯರ್ ದರದಲ್ಲಿ ಮೊದಲ ಅರ್ಧ ಕಿಲೋ ದುಬಾರಿ, ಮುಂದಿನದ್ದು ಅಗ್ಗ. ಮೂರು ಅಂಗಡಿಗಳಿಂದ ಮೂರು ಪಾರ್ಸೆಲ್ ತರಿಸಿದರೆ ಮೂರು ಸಲ ಆ ದುಬಾರಿ ಅರ್ಧ ಕಿಲೋ, ಮೂರು ಸಲ ಕ್ಲಿಯರೆನ್ಸ್ ಶುಲ್ಕ. ಇದಕ್ಕಾಗಿಯೇ ಫಾರ್ವರ್ಡಿಂಗ್ ಸೇವೆಗಳು ಹುಟ್ಟಿಕೊಂಡವು. ಅರಾಮೆಕ್ಸ್‌ನ ಶಾಪ್ ಆ್ಯಂಡ್ ಶಿಪ್ ಇದರಲ್ಲಿ ಹೆಸರಾದದ್ದು. ಅವರು ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ನಿಮಗೆ ಒಂದು ವಿಳಾಸ ಕೊಡುತ್ತಾರೆ. ಭಾರತಕ್ಕೆ ಕಳಿಸದ ಅಂಗಡಿಯೂ ಆ ವಿಳಾಸಕ್ಕೆ ಕಳಿಸುತ್ತದೆ, ಅವರು ಅಲ್ಲಿಂದ ನಿಮಗೆ ಕಳಿಸುತ್ತಾರೆ. ಇಂಥ ಕೆಲವು ಸೇವೆಗಳ ಗೋದಾಮು ಒರೆಗಾನ್, ಡೆಲಾವೇರ್‌ನಲ್ಲಿ ಯಾಕೆ ಇರುತ್ತವೆ ಅಂದರೆ, ಆ ರಾಜ್ಯಗಳಲ್ಲಿ ಮಾರಾಟ ತೆರಿಗೆಯೇ ಇಲ್ಲ. ನಮ್ಮವರಿಗಂತೂ ಬಾಡಿಗೆಯ ವಿಳಾಸವೂ ಬೇಡ. ಶಾರ್ಜಾದಲ್ಲೋ ಜಿದ್ದಾದಲ್ಲೋ ಅಣ್ಣನ ಕೋಣೆ ಇರುತ್ತದೆ. ಸಾಮಾನೆಲ್ಲ ಅಲ್ಲಿ ಸೇರಿಸಿ, ಅಂಗಡಿಗಳ ಪೆಟ್ಟಿಗೆ ಬಿಚ್ಚಿ ಬಿಸಾಡಿ, ಬಿಲ್‌ಗಳನ್ನು ಮಾತ್ರ ಇಟ್ಟುಕೊಂಡು, ಒಂದೇ ಪೊಟ್ಟಣ ಮಾಡಿ ಕಳಿಸಿದರೆ ಫಾರ್ವರ್ಡಿಂಗ್ ಕಂಪನಿ ಮಾಡುವ ಕೆಲಸ ಮನೆಯಲ್ಲೇ ಆಯಿತು. ಒಂದು ನಷ್ಟ ಉಂಟು: ಯುಎಇ ವಿಳಾಸಕ್ಕೆ ಖರೀದಿಸಿದರೆ ಅಲ್ಲಿಯ ಶೇ.5 ವ್ಯಾಟ್ ಬೀಳುತ್ತದೆ. ಅದನ್ನೂ ಕೂಡಿಸಿ ನೋಡಿ.

ಸರಕಾರಿ ಅಂಚೆಯನ್ನು ನಾವು ಸಸಾರ ಮಾಡುತ್ತೇವೆ. ತಡ ಆಗುತ್ತದೆ, ನಿಜ. ಆದರೆ ಸಣ್ಣ ಪೊಟ್ಟಣಕ್ಕೆ ಅಲ್ಲಿಯ ಅಂಚೆಯಿಂದ ಇಲ್ಲಿಯ ಅಂಚೆಗೆ ಬರುವ ದಾರಿ ಹೆಚ್ಚಾಗಿ ಅಗ್ಗ. ದೊಡ್ಡ ಕೊರಿಯರ್‌ಗಳು ದೂರದ ಪಿನ್ ಕೋಡ್‌ಗೆ ಹೆಚ್ಚುವರಿ ಶುಲ್ಕ ಹಾಕುವುದುಂಟು, ಕೆಲವು ಪಿನ್‌ಗೆ ಬರುವುದೇ ಇಲ್ಲ. ಅಂಚೆಯವನಿಗೆ ದೂರದ ಊರು ಅಂತ ಇಲ್ಲ. ದೇಶದಲ್ಲಿ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿ ಉಂಟು. ಸುಂಕ ಇದ್ದರೆ ರಶೀದಿ ಕೊಟ್ಟು ಬಾಗಿಲಲ್ಲೇ ತೆಗೆದುಕೊಳ್ಳುತ್ತಾರೆ.

ಮೊದಲು ಚೀನಾದಿಂದ ಹತ್ತಿಪ್ಪತ್ತು ರೂಪಾಯಿಯ ಸಾಮಾನೂ ಬಿಟ್ಟಿ ಸಾಗಣೆಯಲ್ಲಿ ಬರುತ್ತಿತ್ತಲ್ಲ, ಈಗ ಯಾಕಿಲ್ಲ ಅಂತ ಹುಡುಗರು ಕೇಳುತ್ತಾರೆ. ಕಾರಣ ಎರಡು. ವಿಶ್ವ ಅಂಚೆ ಒಕ್ಕೂಟದ ಹಳೆಯ ದರಪಟ್ಟಿಯಲ್ಲಿ ಚೀನಾದಂಥ ದೇಶಗಳ ಸಣ್ಣ ಪೊಟ್ಟಣವನ್ನು ಬೇರೆ ದೇಶದ ಅಂಚೆಯವರು ಕಡಿಮೆ ದರಕ್ಕೆ ಹಂಚಬೇಕಿತ್ತು. ಒಕ್ಕೂಟವನ್ನೇ ಬಿಡುತ್ತೇನೆಂದು ಅಮೆರಿಕ ಹೆದರಿಸಿದ ಮೇಲೆ, 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಆ ಪದ್ಧತಿ ಬದಲಾಯಿತು. ಇನ್ನೊಂದು ಕಾರಣ ನಮ್ಮಲ್ಲೇ: 2020ರ ಜೂನ್ 29ರಂದು ಶೀನ್, ಕ್ಲಬ್ ಫ್ಯಾಕ್ಟರಿ ಸೇರಿದಂತೆ 59 ಆ್ಯಪ್‌ಗಳಿಗೆ, ಅದೇ ನವೆಂಬರಿನಲ್ಲಿ ಅಲಿ ಎಕ್ಸ್‌ಪ್ರೆಸ್‌ಗೆ ಭಾರತದಲ್ಲಿ ನಿಷೇಧ ಬಂತು. ಆ ಕಾಲ ಮತ್ತೆ ಬರುವುದಿಲ್ಲ. ಅಮೆರಿಕ ಕೂಡ 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ತೆಗೆದುಹಾಕಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಅಕ್ಟೋಬರ್ ಮಧ್ಯದವರೆಗೆ ನಿಲ್ಲಿಸಿತ್ತು. ಸಣ್ಣ ಪೊಟ್ಟಣಕ್ಕೆ ಸುಂಕ ಹಾಕುವುದು ಈಗ ಎಲ್ಲ ಕಡೆಯ ರೂಢಿ.

ಇನ್ನು ಅಡ್ಡದಾರಿಗಳ ವಿಷಯ. 10,000ದ ಸಾಮಾನಿಗೆ 1,000 ಅಂತ ಬಿಲ್ ಹಾಕಿಸುವುದು ಬಹಳ ಚಾಲ್ತಿಯಲ್ಲಿರುವ "ಬುದ್ಧಿವಂತಿಕೆ". ಕಸ್ಟಮ್ಸ್‌ನವರು ಅದೇ ಸಾಮಾನಿನ ಬೆಲೆಯನ್ನು ಅದೇ ವೆಬ್‌ಸೈಟಿನಲ್ಲಿ ನೋಡಲು ಅರ್ಧ ನಿಮಿಷ ಸಾಕು. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಸುಳ್ಳು ಘೋಷಣೆಯ ಸಾಮಾನನ್ನು ಮುಟ್ಟುಗೋಲು ಹಾಕಬಹುದು, ದಂಡವೂ ಉಂಟು. ದಾರಿಯಲ್ಲಿ ಕಳೆದುಹೋದರೆ ಪರಿಹಾರ ಸಿಗುವುದೂ ಆ ಸುಳ್ಳು ಸಾವಿರಕ್ಕೇ. ಸುಂಕ ಶೇ.77 ಇದ್ದಾಗ ಈ ಆಸೆ ಯಾಕೆ ಹುಟ್ಟುತ್ತಿತ್ತು ಅಂತ ಅರ್ಥವಾಗುತ್ತದೆ. ಶೇ.30ಕ್ಕೆ ಇಷ್ಟು ಅಪಾಯ ಯಾಕೆ?

ಕೆಲವು ಸಾಮಾನು ಬರುವುದೇ ಇಲ್ಲ, ಹಣ ಕೊಟ್ಟ ಮೇಲೆ ಗೊತ್ತಾದರೆ ಬೇಸರ. ಆಲ್ಕೋಹಾಲ್ ಇರುವ ಸೆಂಟು ವಿಮಾನದ ಲೆಕ್ಕದಲ್ಲಿ ಬೆಂಕಿ ಹಿಡಿಯುವ ಅಪಾಯಕಾರಿ ವಸ್ತು. ಅಂಚೆಯಲ್ಲಿ ಕಳಿಸುವಂತಿಲ್ಲ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಕೂಡ ಹಾಗೆಯೇ. ಇ-ಸಿಗರೇಟಿಗೆ 2019ರಿಂದ, ವಿದೇಶಿ ಡ್ರೋನಿಗೆ 2022ರಿಂದ ಆಮದು ನಿಷೇಧ ಇದೆ. ಬಟ್ಟೆ ಅಳತೆ ತಪ್ಪಿದರೆ ಹಿಂದೆ ಕಳಿಸುವ ಬಾಡಿಗೆ ನಿಮ್ಮದೇ. ಕಟ್ಟಿದ ಸುಂಕ ವಾಪಸು ಪಡೆಯಲು ಕಾನೂನಿನಲ್ಲಿ ದಾರಿ ಇದ್ದರೂ ಮನೆಮಂದಿ ಹಿಡಿಯುವಂಥ ದಾರಿ ಅದಲ್ಲ.

ಹಾಗಾದರೆ ಸೂಟ್‌ಕೇಸ್ ಮುಗಿಯಿತಾ? ಇಲ್ಲ. ಬೆಲೆಬಾಳುವ, ಹಗುರವಾದ ಸಾಮಾನಿಗೆ ಈಗಲೂ ಅದೇ ಅಗ್ಗ. 2026ರ ಫೆಬ್ರವರಿ 2ರಿಂದ ಜಾರಿಗೆ ಬಂದ ಹೊಸ ಬ್ಯಾಗೇಜ್ ನಿಯಮದಲ್ಲಿ ವಿಮಾನದಲ್ಲಿ ಬರುವ ಭಾರತೀಯರಿಗೆ ಸುಂಕವಿಲ್ಲದ ಮಿತಿ 50,000ದಿಂದ 75,000 ರೂಪಾಯಿಗೆ ಏರಿದೆ. 18 ದಾಟಿದವರಿಗೆ ಒಂದು ಲ್ಯಾಪ್‌ಟಾಪ್ ಇದರ ಮೇಲೆ. ಗಂಡನ ಮಿತಿಯನ್ನೂ ಹೆಂಡತಿಯ ಮಿತಿಯನ್ನೂ ಕೂಡಿಸಿ ಒಂದೇ ದುಬಾರಿ ಸಾಮಾನು ತರಲಿಕ್ಕೆ ಆಗುವುದಿಲ್ಲ, ಅದು ನೆನಪಿರಲಿ. ಈ ಮಿತಿ ಪ್ರಯಾಣಿಕನ ಜೊತೆಗೇ ಬರುವ ಸಾಮಾನಿಗೆ. ಬೇರೆಯಾಗಿ ಕಾರ್ಗೋದಲ್ಲಿ ಹಾಕಿದ ಹೊಸ ಸಾಮಾನಿಗೆ ಸಿಗುವುದಿಲ್ಲ.

ಸೂಟ್‌ಕೇಸಿನ ಅಪಾಯ ತೆರಿಗೆಯದ್ದಲ್ಲ, ಅದು ಬೇರೆಯವರ ಪೊಟ್ಟಣದ್ದು. "ನನ್ನ ತಮ್ಮನಿಗೆ ಇದೊಂದು ಕೊಡಿ" ಅಂತ ಪರಿಚಯದವರ ಪರಿಚಯದವರು ತಂದುಕೊಡುವ ಕಟ್ಟು. ನಮ್ಮಲ್ಲಿ ಬೇಡ ಅನ್ನಲಿಕ್ಕೆ ದಾಕ್ಷಿಣ್ಯ. ಆದರೆ ವಿಮಾನ ನಿಲ್ದಾಣದಲ್ಲಿ ಬ್ಯಾಗು ಯಾರ ಕೈಯಲ್ಲಿದೆಯೋ ಹೊಣೆ ಅವರದ್ದು. ಊರಿನಿಂದ ಅಲ್ಲಿಗೆ ಹೋಗುವಾಗಲಂತೂ ಇನ್ನೂ ಜಾಗ್ರತೆ ಬೇಕು. ನಮ್ಮ ಅಡುಗೆ ಮನೆಯ ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಇಲ್ಲಿ ವೈದ್ಯರು ಬರೆದುಕೊಡುವ ಟ್ರಮಡಾಲ್‌ನಂಥ ನೋವಿನ ಮಾತ್ರೆಯೂ ಅಲ್ಲಿ ನಿಯಂತ್ರಣದಲ್ಲಿದೆ. ಬಿಚ್ಚಿ ನೋಡದೆ ಯಾವ ಕಟ್ಟನ್ನೂ ತೆಗೆದುಕೊಳ್ಳಬೇಡಿ. ಬಿಚ್ಚಿದರೆ ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಔಷಧಿ ತರಿಸುವ ಮನೆಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಇಲ್ಲಿ ಸಿಗದ ಔಷಧಿಯನ್ನು ಪ್ರಯಾಣಿಕರು ಸ್ವಂತ ಬಳಕೆಗೆ ತರಬಹುದು, ಒಂದೊಂದು ಔಷಧಿ 100 ಡೋಸ್ ಮೀರಬಾರದು ಅಂತ ಔಷಧ ನಿಯಮಗಳು ಹೇಳುತ್ತವೆ. ಪಾರ್ಸೆಲ್‌ನಲ್ಲಿ ತರಿಸುವುದಾದರೆ ಮೊದಲೇ 12ಎ ನಮೂನೆಯಲ್ಲಿ ಅರ್ಜಿ ಹಾಕಿ 12ಬಿ ಪರವಾನಗಿ ಪಡೆಯಬೇಕು, ವೈದ್ಯರ ಚೀಟಿ ಜೊತೆಗಿರಬೇಕು. ಇದು ಗೊತ್ತಿಲ್ಲದೆ ತರಿಸಿ, ಔಷಧಿ ಕಸ್ಟಮ್ಸ್‌ನಲ್ಲಿ, ರೋಗಿ ಮನೆಯಲ್ಲಿ ಅಂತ ಆಗುವುದು ಬೇಡ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಹೆಸರಿರುವ ಕಾಯಿಲೆಯಾದರೆ, ಔಷಧಿಗೂ ವೈದ್ಯಕೀಯ ವಿಶೇಷ ಆಹಾರಕ್ಕೂ ಮೂಲ ಕಸ್ಟಮ್ಸ್ ಸುಂಕ 2023ರ ಏಪ್ರಿಲ್‌ನಿಂದ ಪೂರ್ತಿ ಮಾಫಿ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಜಿಲ್ಲಾ ಮಟ್ಟದ ಸರಕಾರಿ ವೈದ್ಯಾಧಿಕಾರಿಯೂ ಕೊಡಬಹುದು. ಬೆಂಗಳೂರು, ದಿಲ್ಲಿ ಅಲೆಯಬೇಕಾಗಿಲ್ಲ. ತೊಂಡೇಬಾವಿಯವರಿಗಾದರೆ ಚಿಕ್ಕಬಳ್ಳಾಪುರದಲ್ಲೇ ಕೇಳಬಹುದು.

ಇನ್ನು ಪಾರ್ಸೆಲ್ ಹೆಸರಿನ ಮೋಸ. ವಿದೇಶದಿಂದ ಏನಾದರೂ ತರಿಸುವ ಮನೆಗೆ ಇದು ಹೆಚ್ಚು ತಾಗುತ್ತದೆ, ಯಾಕೆಂದರೆ ಪಾರ್ಸೆಲ್ ಬರುವುದು ಉಂಟಲ್ಲ ಅಂತ ಮನಸ್ಸು ನಂಬಲಿಕ್ಕೆ ತಯಾರಾಗಿರುತ್ತದೆ. "ನಿಮ್ಮ ಹೆಸರಿನ ಪಾರ್ಸೆಲ್ ಹಿಡಿದಿದ್ದೇವೆ, ಮಾದಕ ವಸ್ತು ಸಿಕ್ಕಿದೆ" ಅಂತ ಫೋನು, ಆಮೇಲೆ ವಿಡಿಯೋದಲ್ಲಿ ಪೊಲೀಸ್ ಯೂನಿಫಾರ್ಮ್, ಆಮೇಲೆ "ಡಿಜಿಟಲ್ ಅರೆಸ್ಟ್". ಬೆಂಗಳೂರಿನಲ್ಲಿ ಓದಿದವರೇ ಇದರಲ್ಲಿ ಲಕ್ಷಗಟ್ಟಲೆ ಕಳೆದುಕೊಂಡ ಸುದ್ದಿ ನಾವೆಲ್ಲ ಓದಿದ್ದೇವೆ. ಅದರ ಸಣ್ಣ ರೂಪ, "ಸುಂಕ 49 ರೂಪಾಯಿ ಬಾಕಿ ಉಂಟು, ಈ ಲಿಂಕ್ ಒತ್ತಿ" ಅನ್ನುವ ಸಂದೇಶ. ಕಸ್ಟಮ್ಸ್ ಅಧಿಕಾರಿ ಯಾರ ಸ್ವಂತ ಖಾತೆಗೂ ಹಣ ಹಾಕಿಸುವುದಿಲ್ಲ. ಇಲಾಖೆಯ ನಿಜವಾದ ಪತ್ರದಲ್ಲಿ ಡಿಐಎನ್ ಎಂಬ ಗುರುತು ಸಂಖ್ಯೆ ಇರುತ್ತದೆ. ಅದನ್ನು ಪರೋಕ್ಷ ತೆರಿಗೆ ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಸುಂಕ ಕಟ್ಟುವುದಿದ್ದರೆ ಕೊರಿಯರ್ ಕಂಪನಿಯ ವೆಬ್‌ಸೈಟನ್ನು ನೀವೇ ತೆರೆದು, ಟ್ರ್ಯಾಕಿಂಗ್ ನಂಬರ್ ನೀವೇ ಹಾಕಿ ಅಲ್ಲಿಂದ ಕಟ್ಟಿ. ಹಣ ಹೋಗಿಬಿಟ್ಟಿದ್ದರೆ ಮನೆಯವರು ಏನಂದಾರು ಅಂತ ಮರುದಿನದವರೆಗೆ ಕಾಯಬೇಡಿ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯೊಳಗೆ ತಿಳಿಸಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು.